ಅಟ್ಟ ಸೇರದ ಆಟಗಳು

"ಸರ್, ನನ್ನ ಆಟಕ್ಕೆ ಡೌನ್‌ಲೋಡ್ ಎರಡು ಅಂತ ತೋರಿಸ್ತಾ ಇದೆ. ಒಂದು ನಾನೇ ಚೆಕ್ ಮಾಡೋಕೆ ಇಳಿಸಿಕೊಂಡಿದ್ದು. ಇನ್ನೊಂದು ನೀವಾ?"

ನಮ್ಮ ಎರಡನೇ ಗೇಮ್ ಜ್ಯಾಮ್ ಮುಗಿದು ನಾಲ್ಕು ದಿನಕ್ಕೆ ಬಂದ ಮೆಸೇಜು. ಕಳಿಸಿದವನು ದಾವಣಗೆರೆ ಕಡೆಯ ಇಂಜಿನಿಯರಿಂಗ್ ಹುಡುಗ. ಹೌದು, ಇನ್ನೊಂದು ನಾನೇ. ನಾಚಿಕೆಯ ಸಂಗತಿ ಏನೆಂದರೆ ಇಳಿಸಿಕೊಂಡಿದ್ದೆ ಅಷ್ಟೇ, ಆಡಿರಲಿಲ್ಲ. ಫೈಲು ತೆರೆಯುತ್ತದೋ ಇಲ್ಲವೋ ನೋಡಿ, ಪಟ್ಟಿಯಲ್ಲಿ ಟಿಕ್ ಹಾಕಿ, ಮುಂದಿನದಕ್ಕೆ ಹೋಗಿದ್ದೆ. ಹೊಟ್ಟೆಪಾಡಿಗೆ ನಾನು ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಟಿಕ್ ಹಾಕುವ ಚಟ ಅಲ್ಲಿಂದ ಬಂದದ್ದು. ಆ ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು ಬರೆದಿದ್ದ. "ಹೌದಪ್ಪಾ ನಾನೇ, ಚೆನ್ನಾಗಿದೆ" ಎಂದು ಉತ್ತರ ಕಳಿಸಿದೆ. ಅವನು ಎರಡು ಕೈ ಜೋಡಿಸಿದ ಚಿತ್ರ ಹಾಕಿದ. ಅವತ್ತು ಮಧ್ಯಾಹ್ನದ ಊಟ ಸರಿಯಾಗಿ ಇಳಿಯಲಿಲ್ಲ.

ಗೇಮ್ ಜ್ಯಾಮ್ ಅಂದರೆ ಏನು ಎಂದು ಕೇಳುವವರಿಗೆ ಎರಡು ಮಾತು. ಒಂದು ವಿಷಯ, ಒಂದು ಗಡುವು. ಆ ಗಡುವಿನೊಳಗೆ ಏನಾದರೊಂದು ಆಟ ಕಟ್ಟಿ ಎಲ್ಲರ ಮುಂದಿಡಬೇಕು. 2002ರಲ್ಲಿ ಜೆಫ್ ಹೌಲ್ಯಾಂಡ್ ಶುರು ಮಾಡಿದ ಲುಡಮ್ ಡೇರ್ ಎಂಬ ಜ್ಯಾಮಿನಲ್ಲಿ ಒಬ್ಬರೇ ಕೂತು 48 ಗಂಟೆಯಲ್ಲಿ ಆಟ ಮುಗಿಸುವ ಪದ್ಧತಿ ಬೆಳೆಯಿತು. 2009ರಿಂದ ಗ್ಲೋಬಲ್ ಗೇಮ್ ಜ್ಯಾಮ್ ನಡೆಯುತ್ತಿದೆ, ಒಂದೇ ವಿಷಯಕ್ಕೆ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಒಟ್ಟಿಗೆ ಕೂರುತ್ತಾರೆ. 2013ರಲ್ಲಿ ಆಟಗಳನ್ನು ಹಂಚಿಕೊಳ್ಳುವ ಇಚ್.ಐಓ ತಾಣ ಬಂದ ಮೇಲಂತೂ ಜ್ಯಾಮ್ ನಡೆಸುವುದಕ್ಕೆ ಸಂಸ್ಥೆ ಬೇಡ, ಸಭಾಂಗಣ ಬೇಡ. ಒಂದು ಪುಟ ತೆರೆದು ದಿನಾಂಕ ಹಾಕಿದರೆ ಮುಗಿಯಿತು. ಮದುವೆ ಕರೆಯೋಲೆ ಅಚ್ಚು ಹಾಕಿಸಿದಷ್ಟು ಸುಲಭ. ಮದುವೆ ಮಾಡುವ ಕಷ್ಟ ಆಮೇಲೆ ಗೊತ್ತಾಗುತ್ತದೆ.

ನಾವು ನಡೆಸುವುದು ಕಥೆ ಹೇಳುವ ಆಟಗಳ ಜ್ಯಾಮ್, ಕನ್ನಡದಲ್ಲಿ. ಗುಂಡು ಹಾರಿಸುವುದು, ಓಡುವುದು, ಜಿಗಿಯುವುದು ಇಲ್ಲಿಲ್ಲ. ನಾಲ್ಕು ಜನ ಕೂತು, ಕಾಗದದ ಮೇಲಿನ ಕೆಲವು ನಿಯಮ ಹಿಡಿದು, ಮುಂಚೆ ಯಾರಿಗೂ ಗೊತ್ತಿಲ್ಲದ ಕಥೆಯನ್ನು ಬಾಯಲ್ಲೇ ಕಟ್ಟುವ ಆಟಗಳು. ಇಲ್ಲವೇ ಒಬ್ಬರೇ ಕೂತು ನೋಟ್‌ಬುಕ್ಕಿನಲ್ಲಿ ಆಡುವಂಥವು. ಇಲ್ಲವೇ ಪರದೆಯ ಮೇಲೆ ಓದುತ್ತ ದಾರಿ ಆರಿಸಿಕೊಳ್ಳುವಂಥವು. ಇವುಗಳಲ್ಲಿ ಬಾಯಲ್ಲೇ ಕಥೆ ಕಟ್ಟುವ ಬಗೆಗೆ ಮೂಲಪುರುಷ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ. ಅದಕ್ಕೆ ದಪ್ಪ ದಪ್ಪ ಪುಸ್ತಕ ಬೇಕು, ಎಲ್ಲ ತಿಳಿದ ಸೂತ್ರಧಾರ ಒಬ್ಬ ಬೇಕು. ಅದರ ವಂಶದಲ್ಲಿ ಆಮೇಲೆ ಹುಟ್ಟಿದ ಕೆಲವು ಆಟಗಳು ಆ ಭಾರವನ್ನೆಲ್ಲ ಇಳಿಸಿಬಿಟ್ಟವು. ಜಾನ್ ಹಾರ್ಪರ್ 2013ರಲ್ಲಿ ಹೊರತಂದ ಲೇಸರ್ಸ್ ಅಂಡ್ ಫೀಲಿಂಗ್ಸ್ ಎಂಬ ಆಟ ಇಡಿಯಾಗಿ ಒಂದೇ ಹಾಳೆ. ನಿಮ್ಮ ಪಾತ್ರಕ್ಕೆ ಎರಡರಿಂದ ಐದರೊಳಗೆ ಒಂದು ಸಂಖ್ಯೆ. ಬುದ್ಧಿ, ತರ್ಕದ ಕೆಲಸವಾದರೆ ದಾಳ ಆ ಸಂಖ್ಯೆಗಿಂತ ಕೆಳಗೆ ಬೀಳಬೇಕು. ಮನಸ್ಸು, ಮಾತಿನ ಕೆಲಸವಾದರೆ ಮೇಲೆ. ಒಂದರಲ್ಲಿ ಜಾಣನಾದಷ್ಟೂ ಇನ್ನೊಂದರಲ್ಲಿ ದಡ್ಡ. ಒಂದು ಅಂಕಿಯಲ್ಲಿ ಒಬ್ಬ ಮನುಷ್ಯನನ್ನೇ ಕೂರಿಸಿದ ಆ ಚಾತುರ್ಯ ನೋಡಿ ನಾನು ಈ ಹುಚ್ಚಿಗೆ ಬಿದ್ದವನು.

ಇದನ್ನೆಲ್ಲ ಶಿರಸಿಯಲ್ಲಿರುವ ಅಪ್ಪನಿಗೆ ವಿವರಿಸುವುದು ಹೇಗೆ ಎಂದು ತಲೆ ಕೆರೆದುಕೊಂಡು ಕೊನೆಗೆ, "ತಾಳಮದ್ದಳೆ ಇದ್ದ ಹಾಗೆ" ಅಂದೆ. "ಪದ್ಯ ಮಾತ್ರ ಕೊಡ್ತೇವೆ, ಅರ್ಥ ಕೂತವರು ಹೇಳಬೇಕು." ಅಪ್ಪ ಮಳೆಗಾಲದಲ್ಲಿ ತಾಳಮದ್ದಳೆ ತಪ್ಪಿಸಿಕೊಂಡವರಲ್ಲ. ತಕ್ಷಣ ಕೇಳಿದರು: "ಹಾಗಾದ್ರೆ ಭಾಗವತರು ಯಾರು?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗದವೇ ಭಾಗವತರು ಎಂದು ಏನೋ ಹೇಳಿ ಜಾರಿಕೊಂಡೆ. ಆದರೆ ಹೋಲಿಕೆ ನನ್ನೊಳಗೇ ಉಳಿಯಿತು. ಪ್ರಸಂಗದ ಪುಸ್ತಕ ಓದಿದರೆ ತಾಳಮದ್ದಳೆ ಕೇಳಿದಂತಾಗುವುದಿಲ್ಲ. ಅದೇ ಪದ್ಯ, ಅದೇ ಕೃಷ್ಣ, ಅದೇ ಕೌರವ. ಎದುರು ಕೂತ ಅರ್ಥಧಾರಿ ಬದಲಾದರೆ ಸಂಧಾನದ ದಾರಿಯೇ ಬೇರೆ. ನಮ್ಮ ಜ್ಯಾಮಿಗೆ ಬರುತ್ತಿದ್ದವು ಪ್ರಸಂಗಗಳು. ನಾನು ಅವನ್ನು ಜೋಡಿಸಿ ಅಟ್ಟಕ್ಕೆ ಹಾಕುತ್ತಿದ್ದೆ, ಕೂಟ ನಡೆಸುತ್ತಿರಲಿಲ್ಲ. ಇದು ಹೊಳೆಯುವುದಕ್ಕೆ ಎರಡು ಜ್ಯಾಮ್ ಕೆಡಬೇಕಾಯಿತು.

ಮೊದಲನೆಯದು ಕೆಟ್ಟದ್ದು ತೀರ ಸಣ್ಣ ಕಾರಣಗಳಿಗೆ. ವಿಷಯ "ಸ್ವಾತಂತ್ರ್ಯ" ಎಂದು ಇಟ್ಟಿದ್ದೆವು. ದೊಡ್ಡ ವಿಷಯ ಇಟ್ಟರೆ ದೊಡ್ಡ ಆಟ ಬರುತ್ತದೆ ಎಂಬ ಭ್ರಮೆ. ಬಂದದ್ದು ಆಗಸ್ಟ್ ಹದಿನೈದರ ಭಾಷಣಗಳು. ಆಟದಲ್ಲಿ ಆಡುವವರಿಗೆ ಉಳಿದಿದ್ದ ಕೆಲಸ ಚಪ್ಪಾಳೆ ತಟ್ಟುವುದೊಂದೇ. ನಮ್ಮ ಅಷ್ಟಾವಧಾನದ ಸಮಸ್ಯಾಪೂರಣವನ್ನು ನೆನೆಸಿಕೊಳ್ಳಿ. ಪ್ರಶ್ನೆ ಒಡ್ಡುವ ಪೃಚ್ಛಕರು "ದೇಶಭಕ್ತಿಯ ಮೇಲೆ ಒಂದು ಪದ್ಯ ಹೇಳಿ" ಅನ್ನುವುದಿಲ್ಲ. ಅಸಂಬದ್ಧ ಅನ್ನಿಸುವ, ಕೇಳಿದರೆ ಸಭೆ ನಗುವಂಥ ಕೊನೆಯ ಸಾಲು ಕೊಡುತ್ತಾರೆ. ಅದಕ್ಕೆ ಮರ್ಯಾದೆ ತಂದುಕೊಡುವ ಮೂರು ಸಾಲು ಕಟ್ಟುವುದು ಅವಧಾನಿಯ ಪಾಡು. ಒಳ್ಳೆಯ ಜ್ಯಾಮ್ ವಿಷಯವೂ ಹಾಗೆ ಎಲ್ಲೋ ಒಂದು ಕಡೆ ತೂತಿರಬೇಕು, ಅದನ್ನು ಮುಚ್ಚಲು ಕೈ ತುರಿಸಬೇಕು. ಸ್ವಾತಂತ್ರ್ಯದಲ್ಲಿ ತೂತಿಲ್ಲ.

ಇನ್ನು ಗಡುವು. ಪ್ರಕಟಣೆಯಲ್ಲಿ "ಭಾನುವಾರ ರಾತ್ರಿ 12 ಗಂಟೆ" ಎಂದು ಬರೆದೆ. ಅರ್ಧ ಜನ ಶನಿವಾರ ರಾತ್ರಿ ಕಳೆದು ಭಾನುವಾರ ಹುಟ್ಟುವ ಹನ್ನೆರಡು ಎಂದುಕೊಂಡರು, ಇನ್ನರ್ಧ ಜನ ಭಾನುವಾರ ಮುಗಿಯುವ ಹನ್ನೆರಡು ಎಂದುಕೊಂಡರು. ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬರು ಅಲ್ಲಿಯ ಭಾನುವಾರ ಎಂದುಕೊಂಡರು. ಅವರು ನಮಗಿಂತ ಹನ್ನೆರಡು ಗಂಟೆಗೂ ಹೆಚ್ಚು ಹಿಂದೆ. ತಾಣದಲ್ಲಿ ಪುಟ ಮುಚ್ಚಿದ ಮೇಲೂ ತಡವಾದವರಿಗೆ ಬೇರೆ ಕೊಂಡಿ ಕೊಡುವ ಅನುಕೂಲ ಇದೆ ಎಂದು ಗೊತ್ತಾಗಿದ್ದು ನಾಲ್ಕು ಜನರ ಹತ್ತಿರ ಬೈಸಿಕೊಂಡ ಮೇಲೆ. ಈಗ ನಮ್ಮ ಗಡುವು ಸೋಮವಾರ ಬೆಳಿಗ್ಗೆ 9, ಬೆಂಗಳೂರು ಸಮಯ. ತಿಂಡಿ ಹೊತ್ತಿನ ಬಗ್ಗೆ ಯಾರಿಗೂ ಗೊಂದಲ ಇಲ್ಲ.

ಮೂರನೇ ಕಾರಣ ಒತ್ತಕ್ಷರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಂಗ್ಲಿಷಿನಲ್ಲಿ ಜ್ಯಾಮ್ ನಡೆಸುವವರಿಗೆ ಈ ತಲೆನೋವು ಕನಸಿನಲ್ಲೂ ಬರುವುದಿಲ್ಲ. ಒಬ್ಬಾಕೆ ಅಜ್ಜಿಯ ಟ್ರಂಕಿನ ಬಗ್ಗೆ ಚೆಂದದ ಆಟ ಬರೆದಿದ್ದಳು. ಬರೆದ ಕಡೆ ಎಲ್ಲ ಸರಿ, ಗೇಮ್ ಎಂಜಿನ್ನಿಗೆ, ಅಂದರೆ ಆಟ ಕಟ್ಟುವ ಸಾಫ್ಟ್‌ವೇರಿಗೆ, ಹಾಕಿದ ಕೂಡಲೇ ಅಜ್ಜಿ ಹೋಗಿ "ಅಜ್‌ಜಿ" ಆದಳು. ಕೊಂಬು, ಗುಡಿಸು ಎಲ್ಲ ಕಿತ್ತು ಬಂದು ಪಕ್ಕದಲ್ಲಿ ನಿಂತವು. ರಾತ್ರಿ ಎರಡು ಗಂಟೆಗೆ ಫೋನು ಮಾಡಿ ಅಳುವುದೊಂದು ಬಾಕಿ. ಕನ್ನಡದ ಅಕ್ಷರಗಳನ್ನು ಇಟ್ಟಿಗೆಯ ಹಾಗೆ ಒಂದರ ಪಕ್ಕ ಒಂದು ಇಟ್ಟರೆ ಸಾಲದು, ಒಂದು ಇನ್ನೊಂದರ ಕಾಲಡಿ ಕೂರಬೇಕು, ತಲೆ ಮೇಲೆ ಏರಬೇಕು. ಆ ಕೂಡಿಸುವ ಕೆಲಸ ಗೊತ್ತಿಲ್ಲದ ಎಂಜಿನ್ನುಗಳೇ ಬಹಳ ಕಾಲ ಇದ್ದವು. ಬ್ರೌಸರಿಗೆ ಅದು ಗೊತ್ತು. ಹಾಗಾಗಿ ಅವಳ ಆಟವನ್ನು ರಾತ್ರೋರಾತ್ರಿ ಟ್ವೈನ್‌ಗೆ ಹೊರಿಸಿದೆವು. ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರಬಿಟ್ಟ ಉಚಿತ ಸಲಕರಣೆ ಅದು. ಆಟ ಕೊನೆಗೆ ಬ್ರೌಸರಿನಲ್ಲೇ ತೆರೆದುಕೊಳ್ಳುವುದರಿಂದ ಅಜ್ಜಿ ಮತ್ತೆ ಅಜ್ಜಿಯಾದಳು. 2023ರಲ್ಲಿ ಗೋಡೋ ಎಂಬ ಎಂಜಿನ್ನಿನ ನಾಲ್ಕನೇ ಆವೃತ್ತಿ ಬಂದ ಮೇಲೆ ಅಲ್ಲೂ ಒತ್ತು ಸರಿಯಾಗಿ ಕೂರುತ್ತದೆ. ಈಗ ನಮ್ಮ ಜ್ಯಾಮ್ ಪುಟದ ಮೊದಲ ಸಾಲು: "ಕೆಲಸ ಶುರು ಮಾಡುವ ಮುಂಚೆ ನಿಮ್ಮ ಸಲಕರಣೆಯಲ್ಲಿ 'ಕೃಷ್ಣನ ಅಜ್ಜಿ ಶಾಸ್ತ್ರ ಕೇಳಿದಳು' ಎಂದು ಟೈಪ್ ಮಾಡಿ ನೋಡಿ." ಟೆಸ್ಟಿಂಗ್ ಕೆಲಸ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಎರಡನೇ ಜ್ಯಾಮ್ ಕೆಟ್ಟದ್ದು ದೊಡ್ಡ ಕಾರಣಕ್ಕೆ: ಬಹುಮಾನ. ಒಂದು ಕಂಪನಿಯವರು ಹತ್ತು ಸಾವಿರ ಕೊಡುತ್ತೇವೆ ಎಂದರು, ನಾವು ಹಿಗ್ಗಿದೆವು. ವೋಟಿಂಗ್ ಇಟ್ಟೆವು. ಹದಿನಾಲ್ಕು ಆಟ ಬಂದವು, ಮೊದಲ ಜ್ಯಾಮಿಗೆ ಬಂದದ್ದು ಆರು. ಅಂಕಿ ನೋಡಿ ಬೀಗಿದ್ದೇ ಬೀಗಿದ್ದು. ಆಮೇಲೆ ಒಂದು ಆಟಕ್ಕೆ ಅರ್ಧ ಗಂಟೆಯಲ್ಲಿ ನಲವತ್ತು ವೋಟು ಬಿದ್ದವು, ಹಾಸ್ಟೆಲಿನ ಒಂದು ಇಡೀ ಮಹಡಿ ಕೂತು ಒತ್ತಿದ್ದು. ತಪ್ಪು ಅವರದಲ್ಲ. ಪಂದ್ಯ ಎಂದ ಮೇಲೆ ಗೆಲ್ಲಲು ನೋಡುತ್ತಾರೆ. ಉಳಿದ ಹದಿಮೂರು ಆಟಗಳನ್ನು ತೆರೆದು ನೋಡುವ ದರ್ದು ಯಾರಿಗಿತ್ತು? ಎದುರಾಳಿಯ ಆಟ ಆಡಿ ಅವನಿಗೆ ನಾಲ್ಕು ಮಾತು ಹೇಳುವುದು ಅಂದರೆ ಹತ್ತು ಸಾವಿರವನ್ನು ಅವನ ಕಡೆ ತಳ್ಳಿದ ಹಾಗೆ. ಗೆದ್ದದ್ದು ಯಾವ ಆಟ ಗೊತ್ತೇ? ಮುಖಪುಟದ ಚಿತ್ರ ಚೆನ್ನಾಗಿದ್ದದ್ದು. ಲುಡಮ್ ಡೇರ್‌ನಲ್ಲಿ ಗೆದ್ದವರಿಗೆ ದುಡ್ಡಿನ ಬಹುಮಾನವೇ ಇಲ್ಲ, ಕಟ್ಟಿದ ಆಟವೇ ಬಹುಮಾನ. ಮತ್ತೊಬ್ಬರ ಆಟ ಆಡಿ ಅಭಿಪ್ರಾಯ ಕೊಟ್ಟಷ್ಟೂ ನಿಮ್ಮ ಆಟ ಹೆಚ್ಚು ಜನರ ಕಣ್ಣಿಗೆ ಬೀಳುವ ಹಾಗೆ ಏರ್ಪಾಡು. ಇದನ್ನು ಎಷ್ಟೋ ವರ್ಷದಿಂದ ಓದಿದ್ದೆ. ಓದಿದ್ದು ತಲೆಗೆ ಹೋಗಲು ಆ ದಾವಣಗೆರೆ ಹುಡುಗನ ಮೆಸೇಜು ಬೇಕಾಯಿತು.

ಆದ್ದರಿಂದ ಮೂರನೇ ಜ್ಯಾಮಿನಲ್ಲಿ ಬಹುಮಾನ ಇಲ್ಲ, ವೋಟು ಇಲ್ಲ. ಆಟ ಒಂದು ಹಾಳೆ ಮೀರಬಾರದು. ಬರೆಯುವುದಕ್ಕೆ ಎರಡು ವಾರ, ಆಡುವುದಕ್ಕೆ ಮೂರು ವಾರ. ಆಟ ಕಳಿಸಿದ ಪ್ರತಿಯೊಬ್ಬರೂ ಬೇರೆಯವರ ಎರಡು ಆಟ ಆಡಿ ವರದಿ ಬರೆಯಬೇಕು. ವರದಿಯಲ್ಲಿ "ಚೆನ್ನಾಗಿದೆ" ಎಂಬ ಪದಕ್ಕೆ ನಿಷೇಧ, ಅವಧಾನದ ನಿಷೇಧಾಕ್ಷರಿಯ ಹಾಗೆ. ಎಲ್ಲಿ ಕೂತಿದ್ದಿರಿ, ಯಾರು ಯಾರಿದ್ದಿರಿ, ಏನಾಯಿತು, ಎಲ್ಲಿ ನಗು ಬಂತು, ಎಲ್ಲಿ ನಿಂತುಹೋಯಿತು, ಇಷ್ಟೇ.

ಹನ್ನೊಂದು ಆಟ ಬಂದವು. ಯಾವ ಆಟ ಯಾರಿಗೆ ಎಂದು ಹಂಚುವುದನ್ನು ಕಂಪ್ಯೂಟರಿಗೆ ಬಿಡೋಣ ಎಂದು ಗೆಳೆಯ ಹೇಳಿದ. ನಾನು ಬೇಡ ಎಂದು ಎಕ್ಸೆಲ್ ಹಾಳೆ ತೆರೆದು ಕೂತೆ. ಇದು ಜಾತಕ ಹೊಂದಿಸುವ ಕೆಲಸ. ನಾಲ್ಕು ಜನ ಬೇಕಾದ ಆಟ ಹಾಸ್ಟೆಲ್ ಹುಡುಗನಿಗೆ. ಒಬ್ಬರೇ ಬಟ್ಟೆ ಮಡಿಸುತ್ತ ಆಡುವ ಆಟ ಕ್ಯಾಲಿಫೋರ್ನಿಯಾದವರಿಗೆ, ಅವರಿಗೆ ಅಲ್ಲಿ ಕನ್ನಡ ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೂ ಕಟ್ಟುತ್ತ ಆಡುವ ಆಟ ಹೂವೇ ಕಟ್ಟಲು ಬಾರದವನಿಗೆ, ಬೇಕೆಂದೇ. ಜ್ಯಾಮ್ ನಡೆಸುವವನಿಗೆ ಇಡೀ ಕೆಲಸದಲ್ಲಿ ನಿಜವಾದ ಕಸುಬು ಎಂದು ಏನಾದರೂ ಇದ್ದರೆ ಇದೇ ಎಂದು ನನಗೀಗ ಅನ್ನಿಸುತ್ತದೆ. ಉಳಿದದ್ದು ಗುಮಾಸ್ತಿಕೆ.

ವಿಷಯ ಈ ಸಲ "ಕೈಯಲ್ಲಿ ಕೆಲಸ, ಬಾಯಲ್ಲಿ ಕಥೆ". ಆಡುವವರ ಕೈ ಸುಮ್ಮನಿರಬಾರದು ಎನ್ನುವುದೊಂದೇ ಷರತ್ತು. ತೂತು ಸರಿಯಾಗಿ ಬಿದ್ದಿತ್ತು. ಅವರೆಕಾಯಿ ಸುಲಿಯುವ ಆಟ ಬಂತು, ಮಗುವಿಗೆ ಜಡೆ ಹಾಕುವ ಆಟ ಬಂತು. ಸಾಗರದ ಕಡೆಯ ಒಬ್ಬ ಟೀಚರು ಕಳಿಸಿದ ಅಡಿಕೆ ಸುಲಿಯುವ ಆಟವನ್ನು ಮಾತ್ರ ನಾನೇ ಇಟ್ಟುಕೊಂಡೆ. ಹಂಚುವವನಿಗೆ ಅಷ್ಟು ಸ್ವಾರ್ಥ ಇರಬಹುದು.

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಡಿಕೆಗೊನೆ ಕೊಯ್ಲು ಶುರುವಾದರೆ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಕೈ ತನ್ನ ಪಾಡಿಗೆ ಸುಲಿಯುತ್ತದೆ, ಬಾಯಿ ಊರನ್ನೆಲ್ಲ ಸುಲಿಯುತ್ತದೆ. ಟೀಚರ ಆಟದಲ್ಲಿ ಮೂರು ಜನ ಸುಲಿಯುವವರು. ಅಡಿಕೆ ಇಲ್ಲದಿದ್ದರೆ ಹುಣಸೆಬೀಜವೋ ಬಟಾಣಿಯೋ ಸಾಕು. ಒಂದೊಂದು ಕಾಯಿ ಎತ್ತಿಕೊಂಡಾಗಲೂ ಸುಲಿಯಲು ಕೂತ ಮನೆಯ ಬಗ್ಗೆ ಕೇಳಿದ ಒಂದು ಸುದ್ದಿ ಹೇಳಬೇಕು, ಮುಂದಿನವರು ಅದಕ್ಕೆ ಸೇರಿಸಬೇಕು. ನಾಲ್ಕನೆಯವರು ಆ ಮನೆಯ ಯಜಮಾನ್ತಿ. ಆಕೆ ಬೆನ್ನು ತಿರುಗಿಸಿ ಅಡುಗೆಮನೆಯಲ್ಲಿ ಕೂತಿರುತ್ತಾಳೆ, ಎಲ್ಲ ಕೇಳಿಸುತ್ತದೆ, ಒಂದು ಮಾತೂ ಆಡುವಂತಿಲ್ಲ. ಹೇಳಿದ್ದು ಸುಳ್ಳಾದರೆ ಪಾತ್ರೆ ಕುಕ್ಕಬಹುದು. ಆಗ ಎಲ್ಲರೂ ತಟ್ಟನೆ ಮಳೆಬೆಳೆಯ ಮಾತಿಗೆ ಹೊರಳಬೇಕು. ರಾಶಿ ಮುಗಿದಾಗ ಯಜಮಾನ್ತಿ ಚಹಾ ತಂದುಕೊಟ್ಟು ಒಂದೇ ಒಂದು ವಾಕ್ಯ ಹೇಳುತ್ತಾಳೆ. ಅಲ್ಲಿಗೆ ಆಟ ಮುಗಿಯಿತು.

ನಮ್ಮ ಮನೆಯ ಹಾಲಿನಲ್ಲಿ ಆಡಿದೆವು. ನಾನು, ನನ್ನ ಹೆಂಡತಿ, ಆಫೀಸಿನ ಗೆಳೆಯ, ಯಜಮಾನ್ತಿಯಾಗಿ ಅವನ ಹೆಂಡತಿ. ಹಸಿ ಬಟಾಣಿ ಒಂದು ಕಿಲೋ. ನಾವು ಮೂವರೂ ಕೊಬ್ಬಿ ಕೊಬ್ಬಿ ಸುದ್ದಿ ಹೊಸೆದೆವು: ಮಗ ಬೆಂಗಳೂರಲ್ಲಿ ಯಾರನ್ನೋ ಮದುವೆಯಾಗಿದ್ದಾನಂತೆ, ತೋಟ ಬ್ಯಾಂಕಿಗೆ ಅಡವಿದೆಯಂತೆ, ಯಜಮಾನರು ಎರಡು ವರ್ಷದಿಂದ ಮಹಡಿಯಲ್ಲೇ ಮಲಗುತ್ತಾರಂತೆ. ಪ್ರತಿ ಸುದ್ದಿಗೂ ಅಡುಗೆಮನೆ ಕಡೆ ಕಿವಿ. ಪಾತ್ರೆ ಸದ್ದಾಗಲಿಲ್ಲ. ಇನ್ನಷ್ಟು ಉಪ್ಪುಖಾರ ಹಾಕಿದೆವು, ಸುಳ್ಳು ಅನ್ನಿಸಿಕೊಂಡೇ ತೀರಬೇಕು ಎಂದು ಜಿದ್ದಿಗೆ ಬಿದ್ದವರ ಹಾಗೆ. ಸದ್ದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಮಗೇ ಒಂಥರಾ ಆಗತೊಡಗಿತು. ಹಾಗಾದರೆ ಇದೆಲ್ಲ ನಿಜವೇ? ನಾವು ಹುಟ್ಟಿಸಿದ ಮಾತುಗಳು ಒಂದೊಂದಾಗಿ ಆ ಬೆನ್ನಿನ ಮೇಲೆ ನಿಜವಾಗಿ ಕೂರುತ್ತಿದ್ದವು. ನನ್ನ ಹೆಂಡತಿ ಮಾತು ತಗ್ಗಿಸಿದಳು. ಗೆಳೆಯ ಬಟಾಣಿ ಸುಲಿಯುವುದನ್ನೇ ನಿಲ್ಲಿಸಿದ. ಕೊನೆಗೆ ಆಕೆ ಎದ್ದು ಬಂದು ಲೋಟ ಕೆಳಗಿಟ್ಟು, "ಸಕ್ಕರೆ ಸಾಕಾ ನೋಡಿ" ಅಂದರು. ಅಷ್ಟೇ. ಯಾರೂ ತಲೆಯೆತ್ತಲಿಲ್ಲ.

ಪಾತ್ರೆ ಕುಕ್ಕದೇ ಇರುವ ಯಜಮಾನ್ತಿಯ ಬಗ್ಗೆ ಹಾಳೆಯಲ್ಲಿ ಒಂದಕ್ಷರ ಇರಲಿಲ್ಲ. ವರದಿ ಓದಿ ಟೀಚರು ಫೋನು ಮಾಡಿದರು. ಸ್ವಲ್ಪ ಹೊತ್ತು ಅವರೂ ಸುಮ್ಮನಿದ್ದು, "ಸರ್, ನಾನು ಪಾತ್ರೆ ಇಟ್ಟಿದ್ದು ನಗು ಬರಲಿ ಅಂತ" ಎಂದರು. ಆಮೇಲೆ ತಮ್ಮ ದೊಡ್ಡಮ್ಮನ ಬಗ್ಗೆ ಹೇಳಿದರು. ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಎಲ್ಲವೂ ಹೀಗೆ ಹೂವೆತ್ತಿದ ಹಾಗೆ ನಡೆಯಿತು ಎಂದುಕೊಳ್ಳಬೇಡಿ. ಒಬ್ಬ ಹುಡುಗ ಊರ ಕಟ್ಟೆ ಪಂಚಾಯ್ತಿಯ ಆಟ ಕಳಿಸಿದ್ದ. ಚೀಟಿ ಎತ್ತಿ ಪಾತ್ರ ಹಂಚಿಕೊಳ್ಳಬೇಕು. ಒಂದು ಚೀಟಿಯವರು ಕಟ್ಟೆ ಹತ್ತುವಂತಿಲ್ಲ, ಉಳಿದವರು ಅವರನ್ನು ಕರೆಯಲು ಬಳಸಬೇಕಾದ ಮಾತುಗಳ ಪಟ್ಟಿಯೂ ಇತ್ತು. ಫೋನು ಮಾಡಿದೆ. "ನಮ್ಮೂರಲ್ಲಿ ಹಾಗೇ ಮಾತಾಡ್ತಾರೆ ಸರ್, ನಾನು ನಿಜ ಬರೆದಿದ್ದೀನಿ" ಎಂದ. ನಿಜವೇ ಇರಬಹುದು. ಕಥೆಯಲ್ಲಾದರೆ ಆ ಬೈಗುಳ ಒಂದು ಪಾತ್ರದ ಮೇಲೆ ಬಿದ್ದು ಅಲ್ಲೇ ಉಳಿಯುತ್ತದೆ. ಆಟದಲ್ಲಿ ಚೀಟಿ ಯಾರ ಕೈಗೆ ಬರುತ್ತದೋ ಅವರ ಮುಖದ ಮೇಲೇ ಬೀಳುತ್ತದೆ, ಅವರು ಮನೆಯಲ್ಲಿ ಅದೇ ಮಾತು ಕೇಳಿ ಬೆಳೆದವರೇ ಆಗಿರಬಹುದು. ಇಂಥ ಹೊತ್ತಿಗೆಂದೇ ಜಾನ್ ಸ್ಟಾವ್ರೊಪೌಲಸ್ ಎಂಬವರು ಎಕ್ಸ್-ಕಾರ್ಡ್ ಎಂಬ ಪದ್ಧತಿ ತಂದಿದ್ದಾರೆ: ನಡುವೆ ಒಂದು ಚೀಟಿ ಇಟ್ಟಿರುತ್ತದೆ, ಯಾರು ಮುಟ್ಟಿದರೂ ಆ ಮಾತು ಅಲ್ಲಿಗೇ ಬಿಡಬೇಕು, ಯಾಕೆ ಎಂದು ಕೇಳುವಂತಿಲ್ಲ. ನಾವು ಚಿಕ್ಕವರಿದ್ದಾಗ ಓಡಿ ಓಡಿ ಸುಸ್ತಾದರೆ ಕೈಯೆತ್ತಿ "ಟೈಂ ಪ್ಲೀಸ್" ಅನ್ನುತ್ತಿದ್ದೆವಲ್ಲ, ಅದೇ. ನಮ್ಮ ಜ್ಯಾಮಿನಲ್ಲಿ ಅದರ ಹೆಸರೂ ಟೈಂ ಪ್ಲೀಸ್. ಅದನ್ನು ಸೇರಿಸು, ಬೈಗುಳದ ಪಟ್ಟಿ ತೆಗೆ ಎಂದು ಕೇಳಿಕೊಂಡೆ. ಅವನು ಆಟವನ್ನೇ ಹಿಂದಕ್ಕೆ ತೆಗೆದುಕೊಂಡ. ನಾನು ಅವನ ಜೊತೆ ಇನ್ನೂ ಅರ್ಧ ಗಂಟೆ ಮಾತಾಡಬೇಕಿತ್ತು. ಆಫೀಸಿನ ಮೀಟಿಂಗ್ ಇತ್ತು, ಫೋನು ಇಟ್ಟುಬಿಟ್ಟೆ.

ಉಳಿದ ಹತ್ತು ಆಟಕ್ಕೆ ಇಪ್ಪತ್ತು ವರದಿ ಬರಬೇಕಿತ್ತು. ಹದಿನೇಳು ಬಂದವು. ಎರಡು ಫೋನು, ನಾಲ್ಕು ಮೆಸೇಜು ಮಾಡಿದ ಮೇಲೆ ಇನ್ನೆರಡು. ದಾವಣಗೆರೆಯ ಹುಡುಗ ಈ ಸಲವೂ ಬರೆದಿದ್ದ. ಅವನ ಆಟ ಕರೆಂಟು ಹೋದಾಗ ಮಾತ್ರ ಆಡುವಂಥದ್ದು: ಕತ್ತಲಲ್ಲಿ ಮನೆಯ ಒಂದು ವಸ್ತುವನ್ನು ಕೈಯಿಂದ ಕೈಗೆ ದಾಟಿಸಬೇಕು, ತಡವಿ ನೋಡುತ್ತಲೇ ಇದು ಯಾರದ್ದಾಗಿತ್ತು, ಇಲ್ಲಿಗೆ ಹೇಗೆ ಬಂತು ಎಂದು ಕಥೆ ಕಟ್ಟಬೇಕು. ದೀಪ ಹಚ್ಚುವಂತಿಲ್ಲ, ಸ್ವಿಚ್ ಆರಿಸಿ ಮೋಸ ಮಾಡುವಂತಿಲ್ಲ. ಅವನ ಆಟಕ್ಕೆ ಬಾಕಿ ಉಳಿದ ಒಂದು ವರದಿಯನ್ನು ನಾನೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಹಳೆಯ ಸಾಲ ತೀರಿಸುವುದಿತ್ತು. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಹತ್ತು ಸೆಕೆಂಡಿಗೆ ಜನರೇಟರ್ ಹೊಡೆದುಕೊಳ್ಳುತ್ತದೆ. ಎರಡು ತಿಂಗಳು ಕಾದೆ. ಅವನು ಒಮ್ಮೆಯೂ ನೆನಪಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಜುಲೈಯಲ್ಲಿ ಊರಿಗೆ ಹೋದೆವು. ಎರಡನೇ ದಿನ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿತ್ತು, ಲೈಟು ಹೋಯಿತು. ಅಮ್ಮ ಬೆಂಕಿಪೊಟ್ಟಣ ಹುಡುಕಲು ಎದ್ದರು. "ಅಮ್ಮಾ, ಹಚ್ಚಬೇಡ, ಸ್ವಲ್ಪ ತಡಿ" ಎಂದೆ. "ಎಂತಕ್ಕೆ?" ಅಂದರು ಕತ್ತಲೊಳಗಿಂದ. ಗೂಡಿಗೆ ಕೈ ಹಾಕಿ ಸಿಕ್ಕಿದ್ದನ್ನು ತೆಗೆದು ಅಪ್ಪನ ಕೈಗಿಟ್ಟೆ.

ಮಾರನೆಯ ದಿನ ಕಳಿಸಿದ ವರದಿ ಹೀಗಿದೆ:

"ಆಡಿದ ಜಾಗ: ಶಿರಸಿ, ನಮ್ಮ ಮನೆಯ ಜಗಲಿ. ಆಡಿದವರು: ನಾಲ್ವರು. ವಸ್ತು: ಸುಣ್ಣದ ಡಬ್ಬಿ, ಮುಚ್ಚಳ ಇಲ್ಲ. ಅಪ್ಪ ಒಬ್ಬರೇ ಮುಕ್ಕಾಲು ಗಂಟೆ ಹೇಳಿದರು. ನಿಯಮದ ಪ್ರಕಾರ ಅವರು ಡಬ್ಬಿಯನ್ನು ಅಮ್ಮನಿಗೆ ದಾಟಿಸಬೇಕಿತ್ತು, ದಾಟಿಸಲಿಲ್ಲ. ಅಮ್ಮ ನಡುನಡುವೆ 'ಅದು ಹಾಗಲ್ಲ' ಅಂದರು. ಆಟ ಅರ್ಧಕ್ಕೆ ನಿಂತ ಕಾರಣ: ಕರೆಂಟು ಬಂತು."